ಕಾಮಾಲೆ ಅಂಟುತ್ತದೆಯೇ?

ನಿಮ್ಮ ತರಗತಿಯ ಗೆಳೆಯನೊಬ್ಬನಿಗೆ ಕಾಮಾಲೆಯಾಗಿದೆ ಎಂದುಕೊಳ್ಳಿ. ಅವನ ಕಣ್ಣಿನ ಬಿಳಿಭಾಗ ಅರಿಶಿನ ಬಳಿದಂತೆ ಹಳದಿಯಾಗಿದೆ. "ಅವನ ಪಕ್ಕ ಕೂರಬೇಡ, ಅಂಟುತ್ತೆ" ಎಂದು ಯಾರೋ ಹೇಳುತ್ತಾರೆ. ಇದು ನಿಜವೇ?

ಮೊದಲು ಈ ಹಳದಿ ಎಲ್ಲಿಂದ ಬಂತೆಂದು ನೋಡೋಣ. ನಮ್ಮ ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕುತ್ತವೆ. ಹಳೆಯ ಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಂಟಾಗುತ್ತದೆ. ಪಿತ್ತಜನಕಾಂಗವು ಅದನ್ನು ರಕ್ತದಿಂದ ತೆಗೆದು, ಪಿತ್ತರಸದೊಂದಿಗೆ ಕರುಳಿಗೆ ಕಳಿಸುತ್ತದೆ. ಈ ಕೆಲಸ ಕೆಟ್ಟರೆ ಬಿಲಿರುಬಿನ್ ರಕ್ತದಲ್ಲೇ ಉಳಿದು ಕಣ್ಣು, ಚರ್ಮ, ಮೂತ್ರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅಂದರೆ ಕಾಮಾಲೆಯು ಒಳಗಿನ ಯಾವುದೋ ತೊಂದರೆಯ ಗುರುತು. (ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂಬುದು ಬರೀ ಗಾದೆ. ಅವರಿಗೂ ಹಾಲು ಬೆಳ್ಳಗೇ ಕಾಣುತ್ತದೆ!)

ಗುರುತು ಅಂಟುವುದಿಲ್ಲ, ಅದರ ಕಾರಣ ಅಂಟಬಹುದು. ಎಳೆಗೂಸುಗಳಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ಸಾಮಾನ್ಯವಾಗಿ ಬರುವ ಕಾಮಾಲೆ, ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಬರುವ ಕಾಮಾಲೆ, ಮದ್ಯಪಾನದಿಂದ ಬರುವ ಕಾಮಾಲೆ ಯಾರಿಗೂ ಹರಡುವುದಿಲ್ಲ. ಹೆಪಟೈಟಿಸ್ ವೈರಸ್‌ಗಳಿಂದ ಬಂದಿದ್ದರೆ ಆ ವೈರಸ್ ಹರಡಬಲ್ಲದು.

ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು ರೋಗಿಯ ಮಲದಲ್ಲಿ ಹೊರಬಂದು, ನೀರು ಅಥವಾ ಆಹಾರ ಸೇರಿ ಇನ್ನೊಬ್ಬರ ಬಾಯಿಗೆ ತಲುಪುತ್ತವೆ. 1955ರ ಕೊನೆಯಲ್ಲಿ ದೆಹಲಿಯಲ್ಲಿ ಹೀಗೆಯೇ ಆಯಿತು. ನಗರಕ್ಕೆ ಯಮುನಾ ನದಿಯಿಂದ ನೀರೆತ್ತುವ ಜಾಗಕ್ಕೆ ಚರಂಡಿ ನೀರು ಸೇರಿತು. ಹೆಚ್ಚು ಕ್ಲೋರಿನ್ ಹಾಕಿದರು. ಬ್ಯಾಕ್ಟೀರಿಯಾಗಳು ಸತ್ತವು, ವೈರಸ್ ಉಳಿದುಕೊಂಡಿತು. ಕೆಲವು ವಾರಗಳ ನಂತರ ಸುಮಾರು 29 ಸಾವಿರ ಜನರಿಗೆ ಕಾಮಾಲೆ! ಅದು ಹೆಪಟೈಟಿಸ್ ಇ ಎಂದು ಗೊತ್ತಾಗಲು ದಶಕಗಳೇ ಬೇಕಾದವು.

ಇನ್ನೊಂದು ವಿಚಿತ್ರ ನೋಡಿ. ಹೆಪಟೈಟಿಸ್ ಎ ಅತಿ ಹೆಚ್ಚು ಹರಡುವುದು ಕಣ್ಣು ಹಳದಿಯಾಗುವ ಮೊದಲೇ, ಬರೀ ಜ್ವರ, ವಾಕರಿಕೆ ಇರುವಾಗ. ಹಳದಿಯಾದ ಮೇಲೂ ಸುಮಾರು ಒಂದು ವಾರ ಹರಡಬಹುದು. ಆದ್ದರಿಂದ ಕಣ್ಣು ನೋಡಿ ದೂರ ಸರಿದರೆ ಉಪಯೋಗ ಕಡಿಮೆ. ಪಕ್ಕದಲ್ಲಿ ಕುಳಿತ ಮಾತ್ರಕ್ಕೆ ಅದು ಬರುವುದೂ ಇಲ್ಲ. ಶೌಚದ ನಂತರ ಮತ್ತು ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯುವುದು, ಕುದಿಸಿ ಆರಿಸಿದ ನೀರು ಕುಡಿಯುವುದು, ಇವು ವೈರಸ್ಸಿನ ದಾರಿಯನ್ನೇ ಕಡಿಯುತ್ತವೆ. ಗೆಳೆಯನಿಗೆ ಬೇಕಾದದ್ದು ವೈದ್ಯರ ಪರೀಕ್ಷೆ ಮತ್ತು ವಿಶ್ರಾಂತಿ. ಕೆಲವು ಕಡೆ ಕಾಮಾಲೆಗೆ ಬರೆ ಹಾಕಿಸುತ್ತಾರೆ. ಅದರಿಂದ ಸುಟ್ಟ ಗಾಯವಾಗುತ್ತದೆ, ಅಷ್ಟೆ.

ಹೆಪಟೈಟಿಸ್ ಬಿ ಬೇರೆ ದಾರಿ ಹಿಡಿಯುತ್ತದೆ. ಅದು ಸೋಂಕಿರುವ ರಕ್ತ, ಬಳಸಿದ ಸೂಜಿಗಳಿಂದ ಹರಡುತ್ತದೆ. ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೂ ಬರಬಹುದು. ಅದಕ್ಕೇ ಹುಟ್ಟಿದ 24 ಗಂಟೆಯೊಳಗೆ ಅದರ ಲಸಿಕೆ ಹಾಕುತ್ತಾರೆ. ಮನೆಯಲ್ಲಿ ನಿಮ್ಮ ತಾಯಿ ಕಾರ್ಡ್ ಇದ್ದರೆ ತೆರೆದು, ಆ ಲಸಿಕೆಯ ಮುಂದೆ ಯಾವ ದಿನಾಂಕ ಇದೆ ಎಂದು ಹುಡುಕಿ.