ಕತ್ತು ಗಟ್ಟಿಯಿದ್ದರೆ ಸಾಲದು, ಮರಿ

ನಿನ್ನ ಮೈಕಟ್ಟು ನೋಡಿದರೆ ನನಗೂ ಹೆಮ್ಮೆಯೇ. ಬೆಳಿಗ್ಗೆ ದಂಡ, ಬಸ್ಕಿ, ಸಂಜೆಯಾದರೆ ಕಬಡ್ಡಿ. ಮೊಬೈಲ್ ಹಿಡಿದು ಮೂಲೆ ಸೇರುವ ಹುಡುಗರಿಗಿಂತ ನೀನು ಎಷ್ಟೋ ವಾಸಿ. ಆದರೆ ನಿನ್ನದೊಂದು ಕೆಟ್ಟ ಚಾಳಿಯಿದೆ. ಪೆಟ್ಟು ಬಿದ್ದರೆ ಬಾಯಿ ಬಿಡಲ್ಲ. ಮಂಡಿ ತರಚಿದ್ದನ್ನು ಮುಚ್ಚಿಟ್ಟರೆ ಹೋಗಲಿ ಬಿಡು, ಅಮ್ಮನ ಬೈಗುಳ ತಪ್ಪಿತು ಅಂದುಕೊಳ್ಳೋಣ. ಕತ್ತಿನ ಪೆಟ್ಟು ಮುಚ್ಚಿಡೋದು ಮಾತ್ರ ಗಂಡಸ್ತನ ಅಲ್ಲ, ದಡ್ಡತನ.

ಡಿಕ್ಕಿ ಹೊಡೆದ ಕೂಡಲೇ ಒಂದು ಕೈ ಜುಮ್ಮೆಂದು ಉರಿದು ಬಿಟ್ಟರೆ, ಸಾಮಾನ್ಯವಾಗಿ ಆ ಕೈಗೆ ಹೋಗುವ ನರ ಎಳೆದಿರುತ್ತೆ. ಅದು ಮತ್ತೆ ಮತ್ತೆ ಆದರೆ ತೋರಿಸಬೇಕು. ಎರಡೂ ಕೈ ಒಟ್ಟಿಗೆ ಜೋಮು ಹಿಡಿದರೆ, ಅಥವಾ ಕೈಯ ಜೊತೆ ಕಾಲೂ ಸೋತರೆ, ಕತೆ ಬೇರೆ. ಏಟು ತಗಲಿರೋದು ಬೆನ್ನುಹುರಿಗೇ. ಹತ್ತು ನಿಮಿಷದಲ್ಲಿ ಸರಿಹೋಯ್ತು ಅಂತ ಮತ್ತೆ ಅಂಕಣಕ್ಕೆ ಇಳೀತೀಯಲ್ಲ, ಅಲ್ಲೇ ನನಗೆ ನಿನ್ನ ಮೇಲೆ ಸಿಟ್ಟು.

ಕತ್ತಿನ ಮೂಳೆಗಳ ನಡುವೆ ಬೆನ್ನುಹುರಿ ಇಳಿಯಲು ಒಂದು ದಾರಿಯಿದೆ. ದೊಡ್ಡವರಲ್ಲಿ ಅದರ ಹಿಂದು-ಮುಂದಿನ ಅಳತೆ ಸುಮಾರು 17 ಮಿಲಿಮೀಟರ್. 13ಕ್ಕಿಂತ ಕಡಿಮೆಯಿದ್ದರೆ ಇಕ್ಕಟ್ಟು ಅಂತಾರೆ, 10ಕ್ಕಿಂತ ಕಡಿಮೆಯಾದರೆ ತೀರಾ ಇಕ್ಕಟ್ಟು. ತೇರುಬೀದಿ ಅಗಲವಾಗಿದ್ದರೆ ತೇರು ಸ್ವಲ್ಪ ವಾಲಿದರೂ ಯಾರ ಮನೆ ಸೂರಿಗೂ ತಗಲಲ್ಲ. ಓಣಿ ಕಿರಿದಾದರೆ ಸಣ್ಣ ವಾಲಾಟಕ್ಕೇ ಗೋಡೆ ಉಜ್ಜುತ್ತೆ. ಕೆಲವರಿಗೆ ಕತ್ತಿನ ಈ ಇಕ್ಕಟ್ಟು ಹುಟ್ಟಿನಿಂದಲೇ ಬಂದಿರುತ್ತೆ, ಕೆಲವರಿಗೆ ಡಿಸ್ಕ್ ಉಬ್ಬಿಯೋ ಮೂಳೆ ಬೆಳೆದೋ ಆಗುತ್ತೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗಲ್ಲ. ನೀನು ಎಷ್ಟೇ ಕಸರತ್ತು ಮಾಡು, ಕತ್ತಿನ ಸ್ನಾಯು ಬೆಳೆದೀತು. ಮೂಳೆಯೊಳಗಿನ ಜಾಗ ಕೂದಲೆಳೆಯಷ್ಟೂ ಹಿಗ್ಗಲ್ಲ.

ನೀನು ಚಿಕ್ಕವನಿದ್ದಾಗ ಟಿವಿ ಮುಂದೆ ಕೂತು ಎಡ್ಜ್, ಎಡ್ಜ್ ಅಂತ ಕೂಗ್ತಿದ್ದೆಯಲ್ಲ, ಆ ಕುಸ್ತಿಪಟುವಿನ ಕತೆ ಪೂರ್ತಿ ಕೇಳಿದ್ದೀಯಾ? ಡಬ್ಲ್ಯುಡಬ್ಲ್ಯುಇ ಅನ್ನೋದು ಮೊದಲೇ ಮಾತಾಡಿಕೊಂಡ ಕುಸ್ತಿ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಆದರೆ ಅವನ ಕತ್ತು ನಾಟಕ ಆಡಿರಲಿಲ್ಲ. ಕೈ ಮರಗಟ್ಟೋಕೆ ಶುರುವಾಯ್ತು, ಪರೀಕ್ಷೆ ಮಾಡಿಸಿದರೆ ಇದೇ ಇಕ್ಕಟ್ಟು. 2011ರ ಏಪ್ರಿಲ್‌ನಲ್ಲಿ, ಚಾಂಪಿಯನ್ ಆಗಿರುವಾಗಲೇ ಆಟ ಬಿಟ್ಟ. 'ಮತ್ತೆ ಬಂದನಲ್ಲ ತಾತ' ಅಂತೀಯ. ಬಂದ, 2020ರಲ್ಲಿ. ನಡುವೆ ಸುಮಾರು ಒಂಬತ್ತು ವರ್ಷ ಕಾದಿದ್ದ. ನಿನಗೆ ಒಂದು ಟೂರ್ನಮೆಂಟ್ ಕೂಡ ಕಾಯೋ ತಾಳ್ಮೆ ಇಲ್ಲ.

ನಾನು ಮೊದಲು ಹೇಳಿದ ಹಾಗೆ, ಏಟು ಬಿದ್ದು ಕೈಕಾಲು ಸ್ವಲ್ಪ ಹೊತ್ತು ಸೋತು ಸರಿಯಾದ 110 ಆಟಗಾರರನ್ನು ಅಮೆರಿಕದ ಡಾಕ್ಟರ್ ಟಾರ್ಗ್ ಮತ್ತು ಜೊತೆಯವರು ಗಮನಿಸಿ 1997ರಲ್ಲಿ ಬರೆದರು. 63 ಜನ ಮತ್ತೆ ಆಟಕ್ಕಿಳಿದರು, ಅವರಲ್ಲಿ 35 ಜನರಿಗೆ ಅದೇ ಮರುಕಳಿಸಿತು. ದಾರಿ ಕಿರಿದಾದಷ್ಟೂ ಮರುಕಳಿಸುವ ಸಂಭವ ಹೆಚ್ಚಿತ್ತು. ಅವರಿಗೆ ಶಾಶ್ವತ ಊನ ಆಗಲಿಲ್ಲ ಅನ್ನೋದೂ ನಿಜ, ಸುಳ್ಳು ಹೇಳಿ ಹೆದರಿಸಲ್ಲ. ಆದರೆ ಅರ್ಧಕ್ಕಿಂತ ಹೆಚ್ಚು ಜನ ಮತ್ತೊಮ್ಮೆ ಕೈಕಾಲು ಸೋತು ಬಿದ್ದರು ಅಂದ ಮೇಲೆ, ನನ್ನ ಮೊಮ್ಮಗನನ್ನು ಆ ಲೆಕ್ಕಕ್ಕೆ ಸೇರಿಸೋಕೆ ನನಗೆ ಮನಸ್ಸಿಲ್ಲ.

ಇನ್ನು ನೀನು ನುಗ್ಗುವ ರೀತಿ. ಕಬಡ್ಡಿಯಲ್ಲಿ ಎದುರಾಳಿಯ ಕಣಕಾಲು ಹಿಡಿಯೋಕೆ ನೆಲ ನೋಡಿಕೊಂಡು ತಲೆ ಮುಂದೆ ಮಾಡಿ ಬೀಳ್ತೀಯ. ತಲೆ ಎತ್ತಿದಾಗ ಕತ್ತಿಗೆ ಒಂದು ಬಾಗು ಇರುತ್ತೆ, ಅದು ಏಟನ್ನು ಹಂಚಿಕೊಳ್ಳುತ್ತೆ. ತಲೆ ತಗ್ಗಿಸಿದರೆ ಕತ್ತು ನೆಟ್ಟಗಾಗಿ, ನೆತ್ತಿಗೆ ಬಿದ್ದ ಏಟು ಪೂರ್ತಿ ಮೂಳೆಯ ಮೇಲೇ. ಅಮೆರಿಕದ ಫುಟ್‌ಬಾಲ್‌ನಲ್ಲಿ ಹೆಲ್ಮೆಟ್ ಇದೆ ಅನ್ನೋ ಧೈರ್ಯಕ್ಕೆ ಹುಡುಗರು ಹೀಗೇ ನೆತ್ತಿಯಿಂದ ಗುದ್ದುತ್ತಿದ್ದರು. 1976ರಲ್ಲಿ ನಿಯಮ ತಂದು ನಿಲ್ಲಿಸಿದ ಮೇಲೆ ಕೈಕಾಲು ಶಾಶ್ವತವಾಗಿ ಬಿದ್ದುಹೋಗುವ ಪ್ರಕರಣಗಳು ಇಳಿದವು. ಎದುರಾಳಿಯನ್ನು ನೋಡ್ತಾ ಹಿಡಿ, ಭುಜ ಕೊಟ್ಟು ಹಿಡಿ.

ಆಟ ಮುಗಿಸಿ ಸೆಲೂನಿಗೆ ಹೋಗಿ ಕತ್ತು ತಿರುಗಿಸಿ ಲಟಿಕೆ ತೆಗೆಸಿಕೊಳ್ಳೋದನ್ನು ಇವತ್ತೇ ಬಿಡು. ಅಂಕಣದಲ್ಲಿ ಯಾರಾದರೂ ಬಿದ್ದು ಕೈಕಾಲು ಆಡಿಸದಿದ್ದರೆ ನಾಲ್ಕು ಜನ ಸೇರಿ ಎತ್ತಿ ನಿಲ್ಲಿಸೋ ಶೌರ್ಯ ಬೇಡ. ತಲೆ ಅಲುಗದಂತೆ ಹಿಡಿದುಕೊಳ್ಳಿ, 108ಕ್ಕೆ ಫೋನ್ ಮಾಡಿ.

ಬರೀ ಎಕ್ಸ್‌ರೇ ನೋಡಿ ಆಟ ಬಿಡಿಸಲಿ ಅಂತ ನಾನು ಹೇಳ್ತಿಲ್ಲ. ದಪ್ಪ ಮೂಳೆಯ ಆಟಗಾರರಲ್ಲಿ ಎಕ್ಸ್‌ರೇ ಅಳತೆ ದಾರಿ ತಪ್ಪಿಸೋದುಂಟು. ಬೆನ್ನುಹುರಿಯ ಸುತ್ತ ನೀರಿನ ಪದರ ಉಳಿದಿದೆಯೋ ಇಲ್ಲವೋ ಅನ್ನೋದು ಎಂಆರ್‌ಐನಲ್ಲಿ ಕಾಣುತ್ತೆ. ಜಾಗ ಸಾಕಷ್ಟಿದ್ದು ಡಾಕ್ಟರ್ ಒಪ್ಪಿದರೆ ಆಡು, ಸೀಟಿ ಹೊಡೆಯೋಕೆ ನಾನೇ ಮುಂದಿನ ಸಾಲಲ್ಲಿ ಕೂರ್ತೀನಿ. ಜಾಗ ಇಲ್ಲ ಅಂದರೆ ಕಬಡ್ಡಿ, ಕುಸ್ತಿ ಎರಡೂ ಸಾಕು. ಓಟ ಇದೆ, ಬ್ಯಾಡ್ಮಿಂಟನ್ ಇದೆ. ಯಾವುದು ಆಗುತ್ತೆ ಅಂತ ಡಾಕ್ಟರನ್ನೇ ಕೇಳೋಣ. ನಿನಗೂ ಎರಡೂ ಕೈ ಜೋಮು ಹಿಡಿದದ್ದುಂಟಾದರೆ, ಮುಂದಿನ ಪಂದ್ಯಕ್ಕೆ ಮೊದಲು ಕೋಚ್‌ಗೆ ಹೇಳು. ಅಮ್ಮನಿಗೆ ಹೇಳೋಕೆ ಹೆದರಿಕೆಯಾದರೆ ನನ್ನನ್ನು ಕರಿ, ಆ ಬೈಗುಳದಲ್ಲಿ ಅರ್ಧ ನಾನು ತಿಂತೀನಿ.