ಕೋರ್ಟಿನಿಂದ ಕಾಗದ ಬಂದಾಗ

ಒಂದು ದಿನ ಸಂಜೆ ನಾವು ಕಾಪುವಿನ ಕಲಿಕಾ ಕೇಂದ್ರದಲ್ಲಿ ಪಾಠ ಮಾಡುತ್ತಿದ್ದೆವು. ಒಬ್ಬ ಅಕ್ಕ ತಡವಾಗಿ ಬಂದರು. ಮುಖ ಬಾಡಿತ್ತು. ಕೈಯಲ್ಲಿ ಒಂದು ಕಾಗದ ಇತ್ತು.

"ಟೀಚರೇ, ಇದು ಎಂತ ನೋಡಿ. ಪೊಲೀಸರು ಮನೆಗೆ ಬಂದು ಕೊಟ್ಟು ಹೋದ್ರು."

"ನೀವೇ ಓದಿ ಅಕ್ಕ," ಅಂದೆವು.

ಅಕ್ಕ ಬೆರಳಿಟ್ಟು ಓದಿದರು. "ಸ...ಮ...ನ್ಸ್. ಸಮನ್ಸ್!"

ನಡೆದದ್ದೇನು?

ಅಕ್ಕನಿಗೆ ಮಣಿಪಾಲದ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ. ದಿನಾ ಸ್ಕೂಟರಿನಲ್ಲಿ ಹೋಗಿ ಬರುತ್ತಾರೆ. ಒಂದು ಸಂಜೆ ಕಾಪು ಪೇಟೆ ಹತ್ತಿರ ಒಂದು ಕಾರು ಅವರ ಸ್ಕೂಟರಿಗೆ ತಾಗಿತು. ಇಬ್ಬರೂ ನಿಲ್ಲಿಸಿದರು. ಮಾತಿಗೆ ಮಾತು ಬೆಳೆಯಿತು.

"ಸಿಟ್ಟಲ್ಲಿ ನಾನೂ ಬೈದೆ. ಅದು ಹೌದು. ಆದ್ರೆ ಕೈ ಮಾಡ್ಲಿಲ್ಲ," ಅಂದರು ಅಕ್ಕ.

ಕಾರಿನವರ ದೂರು ಬೇರೆ. "ಸ್ಕೂಟರ್ ಅಡ್ಡ ಇಟ್ಟು ನನ್ನನ್ನು ತಡೆದರು, ಹೊಡೆದರು" ಎಂದು ಬರೆಸಿದ್ದರು.

ಯಾರ ಮಾತು ನಿಜ? ಅದನ್ನು ತೀರ್ಮಾನಿಸುವವರು ನ್ಯಾಯಾಧೀಶರು. ಅಕ್ಕ ಹೊಡೆದರು ಎಂದು ರುಜುವಾತು ಮಾಡಬೇಕಾದವರು ಆರೋಪ ಹೊರಿಸಿದವರು.

ಸಮನ್ಸ್ ಅಂದರೆ ಏನು?

ಸಮನ್ಸ್ ಅಂದರೆ ಕೋರ್ಟಿನ ಕರೆ. ಅದು ಶಿಕ್ಷೆ ಅಲ್ಲ. ಅದರಲ್ಲಿ ನಾಲ್ಕು ಸಂಗತಿ ಹುಡುಕಿ ಓದಿ. ಯಾವ ಕೋರ್ಟು? ಯಾವ ತಾರೀಕು? ಕೇಸಿನ ನಂಬರ್ ಎಷ್ಟು? ಯಾವ ಕಲಂ?

ಅಕ್ಕನ ಕಾಗದದಲ್ಲಿ ಭಾರತೀಯ ನ್ಯಾಯ ಸಂಹಿತೆಯ ಎರಡು ಕಲಂ ಇದ್ದವು. 126(2) ಅಂದರೆ ದಾರಿ ತಡೆದದ್ದು. 115(2) ಅಂದರೆ ಹೊಡೆದು ನೋವು ಮಾಡಿದ್ದು. ಮೊದಲನೆಯದಕ್ಕೆ ಒಂದು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಎರಡನೆಯದಕ್ಕೆ ಒಂದು ವರ್ಷದವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಎರಡಕ್ಕೂ ಜಾಮೀನು ಕೇಳುವುದು ನಮ್ಮ ಹಕ್ಕು.

ಇನ್ನೊಂದು ಮಾತು. ಸಮನ್ಸ್ ಬಂದ ವ್ಯಕ್ತಿ ಸಿಗದಿದ್ದರೆ ಅದನ್ನು ಮನೆಯವರಿಗೆ ಕೊಡಬಹುದು. ಹಿಂದಿನ ಕಾನೂನಿನಲ್ಲಿ ಮನೆಯ ಗಂಡಸರಿಗೆ ಮಾತ್ರ ಎಂದಿತ್ತು. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಈಗ ಮನೆಯ ಹೆಂಗಸರಿಗೂ ಕೊಡಬಹುದು. ಗಂಡನ ಹೆಸರಿಗೆ, ಮಗನ ಹೆಸರಿಗೆ ಬಂದ ಕಾಗದ ನಮ್ಮ ಕೈಗೇ ಬರಬಹುದು. ಆದ್ದರಿಂದ ಓದಿ ಸಹಿ ಹಾಕಿ. ಓದಿದ ಕಾಗದವನ್ನು ಜೋಪಾನವಾಗಿ ಇಡಿ.

ಕರೆದ ದಿನ ಹೋಗದಿದ್ದರೆ ವಾರಂಟ್ ಬರಬಹುದು. ಹಾಗಾಗಿ ತಪ್ಪಿಸಬಾರದು.

"ಒಪ್ಪಿಬಿಡು" ಅನ್ನುವ ಮಾತು

ಕಾರ್ಕಳದಲ್ಲಿರುವ ಅಣ್ಣ ಅಕ್ಕನಿಗೆ ಹೇಳಿದರಂತೆ, "ತಪ್ಪಾಯ್ತು ಅಂತ ಒಪ್ಪಿಬಿಡು ಮಾರಾಯ್ತಿ. ದಂಡ ಕಟ್ಟಿ ಬಾ. ಕೋರ್ಟಿಗೆ ಅಲೆಯುದು ತಪ್ತದೆ."

ಅಕ್ಕನಿಗೂ ಹಾಗೇ ಅನಿಸಿತ್ತು. ರಜೆ ಹಾಕಿದರೆ ಸಂಬಳ ಇಲ್ಲ. ನಾವು ಅವರನ್ನು ಮೊದಲು ವಕೀಲರ ಹತ್ತಿರ ಕರೆದುಕೊಂಡು ಹೋದೆವು.

ವಕೀಲರಿಗೆ ಕೊಡಲು ದುಡ್ಡು? ಬೇಕಿಲ್ಲ. ಕಾನೂನು ಸೇವೆಗಳ ಕಾಯಿದೆ 1987ರಲ್ಲೇ ಆಗಿದೆ. ಅದರ ಪ್ರಕಾರ ಹೆಂಗಸರಿಗೆ ಉಚಿತ ವಕೀಲರು ಸಿಗುತ್ತಾರೆ. ಆದಾಯ ಎಷ್ಟೇ ಇರಲಿ, ಸಿಗುತ್ತಾರೆ. ಉಡುಪಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಕಾರ್ಕಳದಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ. 15100 ನಂಬರಿಗೆ ಫೋನ್ ಮಾಡಿಯೂ ಕೇಳಬಹುದು.

ವಕೀಲರಮ್ಮ ಬಿಡಿಸಿ ಹೇಳಿದರು. "ತಪ್ಪು ಒಪ್ಪಿದರೆ ನೀವು ಅಪರಾಧಿ ಅಂತ ದಾಖಲೆ ಆಗ್ತದೆ. ನಾಳೆ ಕೆಲಸಕ್ಕೂ ತೊಂದರೆ ಆಗಬಹುದು. ಮಾಡಿದ್ದರೆ ಒಪ್ಪುವುದು ಬೇರೆ ಮಾತು. ಮಾಡದ್ದನ್ನು ದಣಿವಿಗೆ ಒಪ್ಪಬೇಡಿ. ರಾಜಿ ಬೇರೆ. ಈ ಎರಡು ಕಲಂಗಳಲ್ಲಿ ದೂರು ಕೊಟ್ಟವರು ಮನಸ್ಸು ಮಾಡಿದರೆ ರಾಜಿ ಆಗಬಹುದು. ಆಗ ಬಿಡುಗಡೆ ಆದ ಹಾಗೆಯೇ ಲೆಕ್ಕ."

ಆ ದಿನ ಉಡುಪಿಯಲ್ಲಿ

ನಾವೂ ಅಕ್ಕನ ಜೊತೆ ಹೋದೆವು. ಸಮನ್ಸ್, ಆಧಾರ್ ಕಾರ್ಡು, ಸ್ಕೂಟರಿನ ಕಾಗದ, ಲೈಸೆನ್ಸ್ ಎಲ್ಲ ಚೀಲದಲ್ಲಿದ್ದವು. ಜಾಮೀನು ನಿಲ್ಲಲು ನೆರೆಮನೆಯವರು ಬಂದಿದ್ದರು. ಹೆಸರು ಕೂಗುವವರೆಗೆ ಹೊರಗೆ ಕಾದೆವು.

ನ್ಯಾಯಾಧೀಶರು ಆರೋಪ ಓದಿ ಹೇಳಿದರು. "ತಪ್ಪು ಒಪ್ಪುತ್ತೀರಾ?" ಎಂದು ಕೇಳಿದರು.

ಅಕ್ಕ ಒಂದು ಗಳಿಗೆ ಸುಮ್ಮನಿದ್ದರು. ನಮ್ಮ ಎದೆ ಹೊಡೆದುಕೊಂಡಿತು. ಆಮೇಲೆ ಅವರು ಮೆಲ್ಲಗೆ ಹೇಳಿದರು, "ಇಲ್ಲ ಸ್ವಾಮಿ. ಒಪ್ಪುವುದಿಲ್ಲ."

ಜಾಮೀನು ಆಯಿತು. ಹೆಬ್ಬೆಟ್ಟು ಒತ್ತುವ ಶಾಯಿಯ ಡಬ್ಬಿಯನ್ನು ಅಕ್ಕನ ಮುಂದೆ ಸರಿಸಿದರು. "ನನಗೆ ಪೆನ್ನು ಕೊಡಿ," ಅಂದರು ಅಕ್ಕ. ಮುಂದಿನ ತಾರೀಕನ್ನು ತಾವೇ ಪುಸ್ತಕದಲ್ಲಿ ಬರೆದುಕೊಂಡರು.

ಕೇಸು ಇನ್ನೂ ಮುಗಿದಿಲ್ಲ. ಆ ಸಂಜೆ ರಸ್ತೆ ಬದಿ ಮಲ್ಲಿಗೆ ಮಾರುತ್ತಿದ್ದ ಒಬ್ಬರು ಜಗಳ ನೋಡಿದ್ದಾರೆ. ಕಂಡದ್ದನ್ನು ಕಂಡ ಹಾಗೆ ಹೇಳಲು ಅವರು ಒಪ್ಪಿದ್ದಾರೆ.

ಸಿಟ್ಟಿನ ಬೆಲೆ

ಪಂಜಾಬಿನ ಪಟಿಯಾಲದಲ್ಲಿ 1988ರ ಡಿಸೆಂಬರಿನಲ್ಲಿ ಒಂದು ಜಗಳ ಆಯಿತು. ಅದೂ ರಸ್ತೆಯ ಜಗಳವೇ. 65 ವರ್ಷದ ಒಬ್ಬರು ತೀರಿಕೊಂಡರು. ಆರೋಪ ಬಂದದ್ದು ಕ್ರಿಕೆಟ್ ಆಟಗಾರ ನವಜೋತ್ ಸಿಂಗ್ ಸಿಧು ಮೇಲೆ. 1999ರಲ್ಲಿ ಕೆಳಗಿನ ಕೋರ್ಟು ಬಿಟ್ಟಿತು. 2006ರಲ್ಲಿ ಹೈಕೋರ್ಟು ಶಿಕ್ಷೆ ಕೊಟ್ಟಿತು. 2018ರಲ್ಲಿ ಸುಪ್ರೀಂ ಕೋರ್ಟು 1,000 ರೂಪಾಯಿ ದಂಡ ಮಾತ್ರ ಹಾಕಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಒಂದು ವರ್ಷ ಜೈಲು ಎಂದಿತು. ಸಿಟ್ಟು ಒಂದು ಗಳಿಗೆಯದು. ಕೇಸು ನಡೆದದ್ದು 33 ವರ್ಷಕ್ಕೂ ಹೆಚ್ಚು!

ರಸ್ತೆಯಲ್ಲಿ ಜಗಳ ಬಂದರೆ ಗಾಡಿಯ ನಂಬರ್ ಬರೆದುಕೊಳ್ಳೋಣ. ನೋಡಿದವರ ಹೆಸರು ಕೇಳೋಣ. 112ಕ್ಕೆ ಫೋನ್ ಮಾಡೋಣ. ಬಾಯಿ, ಕೈ ಎರಡನ್ನೂ ಹಿಡಿತದಲ್ಲಿ ಇಡೋಣ.

ಓದಿ, ಬರೆಯಿರಿ: ಸಮನ್ಸ್, ಆರೋಪ, ಜಾಮೀನು, ಸಾಕ್ಷಿ, ರಾಜಿ, ವಕೀಲರು.

ಮಾತಾಡೋಣ:
1. ಸಮನ್ಸಿನಲ್ಲಿ ಯಾವ ನಾಲ್ಕು ಸಂಗತಿ ಓದಬೇಕು?
2. ತಪ್ಪು ಒಪ್ಪುವುದಕ್ಕೂ ರಾಜಿಗೂ ಏನು ವ್ಯತ್ಯಾಸ?
3. ಅಕ್ಕನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?