ಒಬ್ಬನೇ ಏರುವ ಬೆಟ್ಟ

ಅಫಜಲಪುರ ತಾಲ್ಲೂಕಿನ ಅತನೂರ ಎರೆನೆಲದ ಊರು. ಆ ಸೀಮೆಯಲ್ಲಿ ಜೋಳ, ತೊಗರಿಯ ಹೊಲಗಳು ಕಣ್ಣು ಹರಿಯುವವರೆಗೂ ಹಬ್ಬಿವೆ. ಇಂತಹ ಬಯಲಿನಲ್ಲಿ ಬೆಳೆದವನಿಗೆ ಮುಂದಿನ ಊರಿನ ಗುಡಿಯ ಶಿಖರ ದೂರದಿಂದಲೇ ಕಾಣುತ್ತದೆ. ದಾರಿ ತಪ್ಪಿದರೆ ಕೇಳಲು ಹೊಲದಲ್ಲಿ ಯಾರಾದರೂ ಇರುತ್ತಾರೆ. ಬೆಟ್ಟದ ದಾರಿ ಹಾಗಲ್ಲ. ತಿರುವಿನಾಚೆ ಏನಿದೆಯೆಂಬುದು ಅಲ್ಲಿ ತಿಳಿಯದು. ಆ ಬೆಟ್ಟ ಪರದೇಶದ್ದಾಗಿದ್ದು, ಏರುವವನು ಒಬ್ಬನೇ ಆದರೆ, ಅವನಿಗೆ ಅವನ ವಿವೇಕವೇ ಸಂಗಾತಿ.

ನೆರೆಯ ಶ್ರೀಲಂಕೆಯಲ್ಲಿ ಶ್ರೀಪಾದವೆಂಬ ಪರ್ವತವಿದೆ. ಅದರ ಎತ್ತರ 2,243 ಮೀಟರುಗಳು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಗಿಂತ ಸುಮಾರು 300 ಮೀಟರು ಹೆಚ್ಚು. ಅದರ ನೆತ್ತಿಯ ಬಂಡೆಯಲ್ಲಿ ಪಾದದ ಆಕಾರದ ಗುರುತೊಂದಿದೆ. ಅದನ್ನು ಬೌದ್ಧರು ಬುದ್ಧನ ಪಾದವೆಂದೂ, ಹಿಂದೂಗಳು ಶಿವನ ಪಾದವೆಂದೂ, ಮುಸಲ್ಮಾನರು ಆದಿಪುರುಷನಾದ ಆದಮನ ಹೆಜ್ಜೆಯೆಂದೂ ನಂಬುತ್ತಾರೆ. ಒಂದೇ ಗುರುತಿಗೆ ಹಲವು ಮತದವರು ತಲೆಬಾಗುವ ಇಂತಹ ಸ್ಥಳಗಳು ಲೋಕದಲ್ಲಿ ವಿರಳ.

ಮೊರೊಕ್ಕೊ ದೇಶದ ಪ್ರವಾಸಿ ಇಬ್ನ ಬತೂತನು 1344ರಲ್ಲಿ ಈ ಬೆಟ್ಟವನ್ನೇರಿದನು. ಅದಕ್ಕೆ ಮೊದಲು ಅವನು ನಮ್ಮ ಕರಾವಳಿಯ ಹೊನ್ನಾವರವನ್ನು ಕಂಡು, ಅಲ್ಲಿ ಹೆಣ್ಣುಮಕ್ಕಳಿಗಾಗಿ 13 ಶಾಲೆಗಳಿದ್ದುವೆಂದು ಬರೆದಿದ್ದಾನೆ. ಲಂಕೆಯ ಅರಸನು ಅವನೊಡನೆ ಯೋಗಿಗಳನ್ನೂ ಬ್ರಾಹ್ಮಣರನ್ನೂ ಆಹಾರ ಹೊರುವ ಆಳುಗಳನ್ನೂ ಕಳುಹಿಸಿದನು. ಕಡಿದಾದ ಬಂಡೆಗಳಲ್ಲಿ ಹಿಡಿದೇರಲು ಕಬ್ಬಿಣದ ಸರಪಳಿಗಳಿದ್ದುವು. ಕೊನೆಯ ಸರಪಳಿಯ ಬಳಿ ನಿಂತು ಕೆಳಗೆ ನೋಡಿದವರು ಬೀಳುವೆವೆಂಬ ಭಯದಿಂದ ದೇವರನ್ನು ಸ್ಮರಿಸುತ್ತಿದ್ದರಂತೆ. ಸುತ್ತ ಎಷ್ಟು ಜನರಿದ್ದರೂ ಆ ಭಯವನ್ನು ಒಬ್ಬೊಬ್ಬರೂ ತಾವೇ ಗೆಲ್ಲಬೇಕಾಗಿತ್ತು.

ಡಿಸೆಂಬರಿನ ಹುಣ್ಣಿಮೆಯಿಂದ ಮೇ ತಿಂಗಳ ಹುಣ್ಣಿಮೆಯವರೆಗೆ ಯಾತ್ರೆಯ ಕಾಲ. ಆಗ ಇರುಳೆಲ್ಲ ದಾರಿಯಲ್ಲಿ ದೀಪಗಳು ಬೆಳಗುತ್ತವೆ. ಚಹದ ಅಂಗಡಿಗಳು ತೆರೆದಿರುತ್ತವೆ. ಯಾತ್ರೆ ಮುಗಿದೊಡನೆ ಅಧಿದೇವತೆಯಾದ ಸಮನದೇವರ ಮೂರ್ತಿಯನ್ನು ಪೆಲ್ಮಡುಲ್ಲದ ವಿಹಾರಕ್ಕೆ ಇಳಿಸುತ್ತಾರೆ. ದೀಪಗಳು ಆರುತ್ತವೆ, ನೈಋತ್ಯದ ಮಳೆ ಹಿಡಿಯುತ್ತದೆ. ಬೆಟ್ಟ ಮೌನವಾಗುತ್ತದೆ.

ಆ ಮೌನದ ದಿನಗಳಲ್ಲಿ ನಲ್ಲತಣ್ಣಿಯ ಊರಿನಿಂದ ಒಬ್ಬನೇ ಹೊರಡುವವನು ಬೆಳಕು ಹರಿಯುವಾಗಲೇ ಹೆಜ್ಜೆಯಿಡಬೇಕು. ಮೊದಲು ಚಹದ ತೋಟಗಳು, ಆಮೇಲೆ ಸೀತೆಯ ಹೆಸರು ಹೊತ್ತ ತೊರೆ, ಅನಂತರ ದಟ್ಟವಾದ ಕಾಡು. ಮೆಟ್ಟಿಲುಗಳು ಐದು ಸಾವಿರಕ್ಕೂ ಹೆಚ್ಚು, ಒಂದರಂತೆ ಮತ್ತೊಂದಿಲ್ಲ. ಜನಸಂದಣಿಯಲ್ಲಿ ಕೇಳದಿದ್ದ ಹನಿಯ ಸದ್ದು, ಹಕ್ಕಿಯ ಕೂಗು, ತನ್ನದೇ ಉಸಿರು ಈಗ ಸ್ಪಷ್ಟವಾಗಿ ಕೇಳಿಸುತ್ತವೆ. ಜೊತೆಗಾರರಿಲ್ಲದ ಯಾತ್ರಿಕನಿಗೆ ದೊರೆಯುವ ಲಾಭವಿದು.

ಆದರೆ ಈ ಲಾಭಕ್ಕೆ ತಕ್ಕ ಹೊಣೆಯೂ ಉಂಟು. ಕಾಲು ಉಳುಕಿದರೆ ಕೈಹಿಡಿಯುವವರಿಲ್ಲ. ಆದುದರಿಂದ ಜಾಣನಾದವನು ತಂಗಿದ ಮನೆಯವರಿಗೆ ತಾನು ಹೋಗುವ ದಾರಿಯನ್ನೂ ಮರಳುವ ಹೊತ್ತನ್ನೂ ತಿಳಿಸಿರುತ್ತಾನೆ. ನೀರು, ಬುತ್ತಿ, ಕೈದೀಪಗಳನ್ನು ಮರೆಯುವುದಿಲ್ಲ. ಏರಲು ಮೂರು ನಾಲ್ಕು ಗಂಟೆ ಬೇಕು. ಇಳಿಯುವಾಗ ದಣಿದ ಮೊಣಕಾಲು ನಡುಗುವುದರಿಂದ ಅದಕ್ಕೂ ಸಾಕಷ್ಟು ಸಮಯವಿರಬೇಕು. ಸಮಭಾಜಕ ವೃತ್ತಕ್ಕೆ ಸಮೀಪದ ಆ ನಾಡಿನಲ್ಲಿ ಸಂಜೆಯ ಬೆಳಕು ಹೆಚ್ಚು ಹೊತ್ತು ನಿಲ್ಲದು. ಸೂರ್ಯ ಮುಳುಗಿದೊಡನೆ ಕತ್ತಲೆ ಕವಿಯುತ್ತದೆ. ನಡುಹಗಲಾದರೂ ತುದಿ ಮುಟ್ಟದಿದ್ದರೆ, ಇಲ್ಲವೆ ಮಂಜು ಮುಸುಕಿ ಮುಂದಿನ ಮೆಟ್ಟಿಲು ಕಾಣದಾದರೆ, ಹಿಂದಿರುಗಬೇಕು. ಇನ್ನು ಸ್ವಲ್ಪವೇ ಉಳಿದಿದೆಯೆಂದು ಆಸೆ ಹೇಳುತ್ತದೆ. ಬೇಡವೆಂದು ತಡೆಯುವ ಗೆಳೆಯ ಅಲ್ಲಿಲ್ಲ. ಆ ಗೆಳೆಯನ ಮಾತನ್ನೂ ತಾನೇ ಆಡಿಕೊಳ್ಳಬಲ್ಲವನು ಮಾತ್ರ ಒಂಟಿಯಾಗಿ ನಡೆಯಲು ಅರ್ಹನು.

ಶ್ರೀಪಾದದ ತುದಿಯಲ್ಲಿ ಒಂದು ಘಂಟೆಯಿದೆ. ಎಷ್ಟನೆಯ ಸಲ ಬೆಟ್ಟವನ್ನೇರಿದರೋ ಅಷ್ಟು ಸಲ ಯಾತ್ರಿಕರು ಅದನ್ನು ಬಾರಿಸುವುದು ವಾಡಿಕೆ. ವಯಸ್ಸಾದವರು ಹಲವು ಸಲ ಬಾರಿಸುವುದುಂಟು. ಒಂದು ಸಲ ಅರ್ಧದಾರಿಯಿಂದ ಕ್ಷೇಮವಾಗಿ ಮರಳಿದವನು ಮತ್ತೊಂದು ವರ್ಷ ಬಂದು ಆ ಘಂಟೆಯನ್ನು ಬಾರಿಸಬಲ್ಲನು.